ಬಂಡಿದಾರಿಯ ಹಕ್ಕು ಮತ್ತು ವ್ಯಾಪಾರ

ನರಗುಂದ ತಾಲ್ಲೂಕಿನ ಶಿರೋಳದ ಸುತ್ತಲಿನದು ಎರೆಭೂಮಿ. ಮಳೆ ಬಿದ್ದೊಡನೆ ಮಣ್ಣು ಗಾಲಿಗೆ ಮೆತ್ತುತ್ತದೆ. ಇಂಥ ಸೀಮೆಯಲ್ಲಿ ಒತ್ತುವರಿಯಿಂದ ಬಂಡಿದಾರಿ ಕಿರಿದಾದರೆ ಟ್ರ್ಯಾಕ್ಟರ್ ಹೊಲ ತಲುಪುವುದು ದುಸ್ತರ. ಕಡಲೆ, ಜೋಳ, ಹತ್ತಿ ಹೊಲದಲ್ಲಿಯೇ ಉಳಿದರೆ ನಷ್ಟವು ರೈತನಿಗಷ್ಟೇ ಅಲ್ಲ; ಅಡತಿ ವ್ಯಾಪಾರಿಗೂ ಬೇಳೆ ಗಿರಣಿಗೂ ತಟ್ಟುತ್ತದೆ.

ದಾರಿಗಳಲ್ಲಿ ಎರಡು ಬಗೆ. ಸಾರ್ವಜನಿಕ ದಾರಿಯು ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 67ನೆಯ ಪ್ರಕರಣದನ್ವಯ ಸರ್ಕಾರದ ಸ್ವತ್ತು. ಪಕ್ಕದ ಹಿಡುವಳಿದಾರರು ಅದನ್ನು ಉತ್ತು ತಮ್ಮದಾಗಿಸಿಕೊಳ್ಳುವಂತಿಲ್ಲ. ಖಾಸಗಿ ಜಮೀನಿನೊಳಗಿನ ದಾರಿಗೆ 1882ರ ಈಸ್‌ಮೆಂಟ್ ಅಧಿನಿಯಮ ಅನ್ವಯಿಸುತ್ತದೆ. ಬಹಿರಂಗವಾಗಿ, ಶಾಂತಿಯುತವಾಗಿ, ಹಕ್ಕೆಂದು, ತಡೆಯಿಲ್ಲದೆ 20 ವರ್ಷ ಬಳಸಿದ ದಾರಿಯ ಮೇಲೆ ಹಕ್ಕು ಪ್ರಾಪ್ತವಾಗುವುದು. ಆದರೆ ಅದರ 28ನೆಯ ಪ್ರಕರಣದಂತೆ ಒಂದು ಬಗೆಯ ದಾರಿಯ ಹಕ್ಕು ಮತ್ತೊಂದು ಬಗೆಯದನ್ನು ಒಳಗೊಳ್ಳದು. ಕಾಲುದಾರಿಯ ಹಕ್ಕಷ್ಟೇ ಉಳ್ಳವನು ಅಲ್ಲಿ ಟ್ರ್ಯಾಕ್ಟರ್ ಒಯ್ಯಲಾರನು.

ಆದ್ದರಿಂದ ವಾದಕ್ಕಿಂತ ಮೊದಲು ಗ್ರಾಮ ನಕಾಶೆಯನ್ನು ನೋಡುವುದು ವಿಹಿತ. ನಕಾಶೆಯಲ್ಲಿ ಬಂಡಿದಾರಿ ಇದ್ದಲ್ಲಿ, ಅಳತೆ ಮಾಡಿಸಿ ಒತ್ತುವರಿ ತೆರವುಗೊಳಿಸುವಂತೆ ತಹಶೀಲ್ದಾರರಿಗೆ ಮನವಿ ಸಲ್ಲಿಸಬೇಕು. ಎತ್ತಿನ ಬಂಡಿಯ ಕೆಲಸವನ್ನು ಇಂದು ಟ್ರ್ಯಾಕ್ಟರ್ ಮಾಡುತ್ತಿರುವುದರಿಂದ ಆ ದಾರಿ ಅದಕ್ಕೂ ತೆರೆದಿರಬೇಕೆಂಬುದು ನ್ಯಾಯವಾದ ಬೇಡಿಕೆ. ಅಂತೆಯೇ ಚಾಲಕರೂ ದಾರಿ ಬಿಟ್ಟು ಗೋಮಾಳಕ್ಕಾಗಲಿ, ಪರರ ಬೆಳೆಗಾಗಲಿ ವಾಹನ ನುಗ್ಗಿಸಬಾರದು. ಮನವಿಗೆ ರೈತರೊಡನೆ ವ್ಯಾಪಾರಿಗಳೂ ಸಹಿ ಹಾಕಿದರೆ ಅದರ ಬಲ ಹೆಚ್ಚುವುದು.