ಶೇ 3ರ ಕಾನೂನು, 31 ಸಾವಿರ ಕೋಟಿಯ ವರದಿ

ಬೆಳಗಾವಿಯ ಹೊರವಲಯದಲ್ಲಿ, ಹೆದ್ದಾರಿಯ ಪಕ್ಕದ ದಿಬ್ಬದ ಮೇಲೆ ನಿಂತಿರುವ ಸುವರ್ಣ ವಿಧಾನಸೌಧಕ್ಕೆ ನಿಜವಾದ ಜೀವ ಬರುವುದು ವರ್ಷದಲ್ಲಿ ಹತ್ತು ಹನ್ನೆರಡು ದಿನ ಮಾತ್ರ. ಚಳಿಗಾಲದ ಅಧಿವೇಶನದ ಆ ದಿನಗಳಲ್ಲಿ ಊರಿನ ಲಾಡ್ಜುಗಳು ತುಂಬುತ್ತವೆ, ಪೊಲೀಸರ ಜೀಪುಗಳು ಸಾಲುಗಟ್ಟುತ್ತವೆ, ಧರಣಿಯ ಪೆಂಡಾಲುಗಳು ಏಳುತ್ತವೆ. ಒಳಗೆ ಉತ್ತರ ಕರ್ನಾಟಕದ ಹಿಂದುಳಿದಿರುವಿಕೆಯ ಮೇಲೆ ಚರ್ಚೆ ನಡೆಯುತ್ತದೆ. 2012ರ ಅಕ್ಟೋಬರ್ 11ರಂದು ಈ ಕಟ್ಟಡವನ್ನು ಉದ್ಘಾಟಿಸಿದವರು ಆಗಿನ ರಾಷ್ಟ್ರಪತಿ ಪ್ರಣವ್ ಮುಖರ್ಜಿ. ಅದಕ್ಕೆ ಕೆಲವೇ ತಿಂಗಳ ಹಿಂದಿನವರೆಗೆ ಅವರು ದೇಶದ ಹಣಕಾಸು ಸಚಿವರಾಗಿದ್ದರು. ಆದರೆ ರಾಜ್ಯದ ಮುಂಗಡಪತ್ರ ಮಂಡನೆಯಾಗುವುದು ಬೆಂಗಳೂರಿನಲ್ಲೇ.

ಬೆಳಗಾವಿಯಿಂದ ಖಾನಾಪುರಕ್ಕೆ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಬಸ್ಸು ಹತ್ತಿದರೆ ಒಂದು ಗಂಟೆಯೊಳಗೆ ತಲುಪಿಸುತ್ತದೆ. ಖಾನಾಪುರದಿಂದ ಪಶ್ಚಿಮಕ್ಕೆ ಕಾಡು ಹೊಕ್ಕರೆ ಲೆಕ್ಕ ಬೇರೆ. ಗವಾಳಿ, ಪಾಸ್ತೋಳಿ, ಕೃಷ್ಣಾಪುರ, ಆಮಗಾಂವ ಇಂಥ ಊರುಗಳಿಗೆ ಮಳೆಗಾಲದಲ್ಲಿ ಹಳ್ಳಗಳು ತುಂಬಿ ಬಂದರೆ ಹೋಗುವ ದಾರಿಯೇ ಇರುವುದಿಲ್ಲ. ಕಾಯಿಲೆ ಬಿದ್ದವರನ್ನು ಡೋಲಿ ಕಟ್ಟಿ ಕಾಡಿನಲ್ಲಿ ಮೈಲುಗಟ್ಟಲೆ ಹೊತ್ತು ತಂದ ಸುದ್ದಿ ಪ್ರತಿ ಮಳೆಗಾಲವೂ ಎಂಬಂತೆ ಪತ್ರಿಕೆಗಳಲ್ಲಿ ಬರುತ್ತದೆ. ಅಧಿವೇಶನ ನಡೆಯುವುದು ಡಿಸೆಂಬರಿನಲ್ಲಿ. ಹಳ್ಳ ಆಗ ಇಳಿದಿರುತ್ತದೆ.

ಇಂಥದೊಂದು ತಾಲ್ಲೂಕು ಮುಂಗಡಪತ್ರ ಬರೆಯುವವರ ಕಣ್ಣಿಗೆ ಹೇಗೆ ಕಾಣುತ್ತದೆ? ಸರ್ಕಾರ ಅರ್ಥತಜ್ಞರನ್ನು ಕರೆದು ಕೇಳುವುದುಂಟು. ಕೇಳಿದ ಮೇಲೆ ಅವರ ಮಾತಿನಲ್ಲಿ ಯಾವುದನ್ನು ಉಳಿಸಿಕೊಳ್ಳುತ್ತದೆ, ಯಾವುದನ್ನು ಬಿಡುತ್ತದೆ ಎಂಬುದನ್ನು ತಿಳಿಯಲು 2002ನೇ ಇಸವಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆ ಒಂದೇ ವರ್ಷ ಕರ್ನಾಟಕ ಸರ್ಕಾರದ ಮುಂದೆ ಅರ್ಥಶಾಸ್ತ್ರದ ಎರಡು ದಾಖಲೆಗಳಿದ್ದವು. ಒಂದು ಕಾನೂನಾಯಿತು. ಇನ್ನೊಂದು ವರದಿಯಾಗಿ ಉಳಿಯಿತು.

ವರದಿ ಎಲ್ಲರಿಗೂ ಗೊತ್ತಿರುವುದೇ. ಪ್ರಾದೇಶಿಕ ಅಸಮತೋಲನ ನಿವಾರಣೆಗೆಂದು 2000ದಲ್ಲಿ ರಚನೆಯಾದ ಉನ್ನತಾಧಿಕಾರ ಸಮಿತಿಗೆ ಡಾ. ಡಿ.ಎಂ. ನಂಜುಂಡಪ್ಪ ಅಧ್ಯಕ್ಷರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, ಸರ್ಕಾರಕ್ಕೆ ಬಹುಕಾಲ ಆರ್ಥಿಕ ಸಲಹೆ ನೀಡಿದವರು. 2002ರ ಜೂನ್‌ನಲ್ಲಿ ಅವರು ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರಿಗೆ ವರದಿ ಒಪ್ಪಿಸಿದರು. ಅಂದಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆ. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು ಎಂದು ಸಮಿತಿ ಹೇಳಿತು. ಇವುಗಳನ್ನು ಮೇಲೆತ್ತಲು ಎಂಟು ವರ್ಷಗಳಲ್ಲಿ 31 ಸಾವಿರ ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆ ಬೇಕೆಂದು ಶಿಫಾರಸು ಮಾಡಿತು. ಬೆಳಗಾವಿ ವಿಭಾಗದ 49 ತಾಲ್ಲೂಕುಗಳಲ್ಲಿ 31 ಆ ಪಟ್ಟಿಯಲ್ಲಿದ್ದವು. ಖಾನಾಪುರವೂ ಅವುಗಳಲ್ಲೊಂದು.

ಎರಡನೆಯ ದಾಖಲೆಯ ಹೆಸರು ಜನಸಾಮಾನ್ಯರ ಬಾಯಲ್ಲಿ ಅಷ್ಟಾಗಿ ಇಲ್ಲ: ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಅಧಿನಿಯಮ, 2002. ದೇಶದಲ್ಲಿ ಇಂಥ ಕಾನೂನು ಮಾಡಿದ ಮೊದಲ ರಾಜ್ಯ ಕರ್ನಾಟಕ. ವಿತ್ತೀಯ ಕೊರತೆ, ಅಂದರೆ ಸಾಲ ಬಿಟ್ಟು ಬರುವ ಹಣಕ್ಕೂ ಒಟ್ಟು ಖರ್ಚಿಗೂ ನಡುವಿನ ಅಂತರ, ರಾಜ್ಯದ ಒಟ್ಟು ಉತ್ಪನ್ನದ ಶೇ 3ನ್ನು ಮೀರಕೂಡದು. ದಿನನಿತ್ಯದ ಖರ್ಚಿಗೆ ಸಾಲ ಮಾಡಬಾರದು. ಪ್ರತಿ ಮುಂಗಡಪತ್ರದ ಜೊತೆ ಮಧ್ಯಮಾವಧಿ ವಿತ್ತೀಯ ಯೋಜನೆಯೊಂದನ್ನು ಸದನದ ಮುಂದಿಡಬೇಕು. ಇದರ ಹಿಂದೆಯೂ ಅರ್ಥತಜ್ಞರಿದ್ದರು, ಕಾರಣಗಳೂ ಇದ್ದವು. ತೊಂಬತ್ತರ ದಶಕದ ಕೊನೆಯಲ್ಲಿ ಸಂಬಳ, ಪಿಂಚಣಿ, ವಿದ್ಯುತ್ ಸಬ್ಸಿಡಿಗಳ ಭಾರಕ್ಕೆ ಖಜಾನೆ ಬಾಗಿತ್ತು. ರಾಜ್ಯದ ಆರ್ಥಿಕ ಪುನರ್ರಚನೆಗೆಂದು ವಿಶ್ವಬ್ಯಾಂಕ್ 2001ರಲ್ಲಿ ಸಾಲ ಮಂಜೂರು ಮಾಡಿತ್ತು. ಸಾಲ ಕೊಟ್ಟವರು ಶಿಸ್ತನ್ನು ಕೇಳದೆ ಬಿಡುವುದಿಲ್ಲ.

ಎರಡರ ಗತಿ ನೋಡಿ. ಶೇ 3ರ ಲೆಕ್ಕ 2003ರ ಏಪ್ರಿಲ್‌ನಿಂದ ಜಾರಿಗೆ ಬಂತು. ಅದನ್ನು ಯಾರೂ ಪ್ರತಿವರ್ಷ ನೆನಪಿಸಬೇಕಾಗಿಲ್ಲ. ಹಣಕಾಸು ಇಲಾಖೆಯ ಕಡತದಲ್ಲಿ ಅದು ತಾನಾಗಿ ಕೆಲಸ ಮಾಡುತ್ತದೆ. 31 ಸಾವಿರ ಕೋಟಿಯ ವಿಶೇಷ ಅಭಿವೃದ್ಧಿ ಯೋಜನೆ ಮುಂಗಡಪತ್ರದಲ್ಲಿ ಕಾಣಿಸಿಕೊಂಡದ್ದು 2007–08ರಲ್ಲಿ, ವರದಿ ಬಂದು ಐದು ವರ್ಷದ ಮೇಲೆ. ಹಂಚಿಕೆ ಒಂದು, ಬಿಡುಗಡೆ ಇನ್ನೊಂದು, ಖರ್ಚು ಮತ್ತೊಂದು ಎಂಬ ದೂರು ಅಂದಿನಿಂದಲೂ ತಪ್ಪಿಲ್ಲ. ಕಲಬುರಗಿ ವಿಭಾಗಕ್ಕೆ ಸಂಸತ್ತು 2012ರಲ್ಲಿ ಒಪ್ಪಿದ 371(ಜೆ) ವಿಧಿಯ ಆಸರೆ ಸಿಕ್ಕಿತು. ಬೆಳಗಾವಿ ವಿಭಾಗಕ್ಕೆ ಉಳಿದದ್ದು ವರದಿ ಮತ್ತು ಚಳಿಗಾಲದ ಚರ್ಚೆ.

ಸರಾಸರಿಯ ಮಳೆ

ನಂಜುಂಡಪ್ಪ ಸಮಿತಿಯ ವಿಧಾನ ಅಂದಿಗೆ ದೊಡ್ಡ ಹೆಜ್ಜೆ ಎಂಬುದರಲ್ಲಿ ಅನುಮಾನವಿಲ್ಲ. ಅದಕ್ಕೂ ಮೊದಲು ‘ನಮ್ಮ ಭಾಗಕ್ಕೆ ಅನ್ಯಾಯವಾಗಿದೆ’ ಎಂಬುದು ಭಾಷಣದ ಮಾತಾಗಿತ್ತು. ಸಮಿತಿ ಅದನ್ನು ಅಂಕಿಗೆ ಇಳಿಸಿತು. ಕೃಷಿ, ಕೈಗಾರಿಕೆ ಮತ್ತು ಹಣಕಾಸು, ಆರ್ಥಿಕ ಸೌಕರ್ಯ, ಸಾಮಾಜಿಕ ಸೌಕರ್ಯ, ಜನಸಂಖ್ಯೆಯ ಸ್ವರೂಪ ಇವುಗಳಿಗೆ ಸಂಬಂಧಿಸಿದ 35 ಸೂಚಕಗಳನ್ನು ಜೋಡಿಸಿ ಪ್ರತಿ ತಾಲ್ಲೂಕಿಗೂ ಒಂದು ಸೂಚ್ಯಂಕ ಕೊಟ್ಟಿತು. ರಾಜ್ಯದ ಸರಾಸರಿ 1. ಅದಕ್ಕಿಂತ ಕೆಳಗಿದ್ದರೆ ಹಿಂದುಳಿದ ತಾಲ್ಲೂಕು. ಜಿಲ್ಲೆಯ ಲೆಕ್ಕ ಬಿಟ್ಟು ತಾಲ್ಲೂಕಿನ ಲೆಕ್ಕಕ್ಕೆ ಬಂದದ್ದೇ ದೊಡ್ಡದು. ಜಿಲ್ಲೆಯ ಸರಾಸರಿಯಲ್ಲಾದರೆ ಬೆಳಗಾವಿ ನಗರದ ಬ್ಯಾಂಕು, ಕಾಲೇಜು, ಆಸ್ಪತ್ರೆಗಳ ನೆರಳಿನಲ್ಲಿ ಖಾನಾಪುರ ಕಾಣದೇ ಹೋಗುತ್ತಿತ್ತು.

ಆದರೆ ಖಾನಾಪುರವೂ ಒಂದೇ ಊರಲ್ಲ. ಪೂರ್ವಕ್ಕೆ ನಂದಗಡ, ಬೀಡಿ, ಕಕ್ಕೇರಿಯ ಕಡೆ ತೆರೆದ ಹೊಲಗಳು, ಸಂತೆ, ಬಸ್ಸಿನ ಓಡಾಟ. ಪಟ್ಟಣದ ಸುತ್ತ ಒಳ್ಳೆಯ ಜೇಡಿಮಣ್ಣು. ಹಂಚು, ಇಟ್ಟಿಗೆ, ಕುಂಬಾರಿಕೆಗೆ ಹೆಸರಾದ ಜಾಗ. ಖಾದಿ ಗ್ರಾಮೋದ್ಯೋಗ ಆಯೋಗ ತನ್ನ ಕುಂಬಾರಿಕೆ ತರಬೇತಿ ಸಂಸ್ಥೆಯನ್ನು ಇಲ್ಲಿಟ್ಟದ್ದು ಸುಮ್ಮನೆ ಅಲ್ಲ. ಪಶ್ಚಿಮಕ್ಕೆ ಹೋದರೆ ಜಾಂಬೋಟಿ, ಕಣಕುಂಬಿ. ಮಲಪ್ರಭೆ ಹುಟ್ಟುವ ನಾಡು, ಆಗುಂಬೆಯ ಜೊತೆ ಹೋಲಿಸುವಷ್ಟು ಮಳೆ, 2011ರಲ್ಲಿ ವನ್ಯಧಾಮವೆಂದು ಘೋಷಣೆಯಾದ ಭೀಮಗಡದ ಕಾಡು. ಈ ಎರಡನ್ನೂ ಕೂಡಿಸಿ ಭಾಗಿಸಿದರೆ ಸಿಗುವ ಸಂಖ್ಯೆ ಬೀಡಿಯದೂ ಅಲ್ಲ, ಆಮಗಾಂವದ್ದೂ ಅಲ್ಲ. ಲಕ್ಷ ಜನಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಇನ್ನೊಂದು ತೊಡಕು: ಜನ ವಿರಳವಾಗಿರುವ ಕಡೆ ಒಂದು ಶಾಲೆ, ಒಂದು ಆರೋಗ್ಯ ಕೇಂದ್ರ ಇದ್ದರೂ ತಲೆಲೆಕ್ಕ ಚೆನ್ನಾಗಿಯೇ ಕಾಣುತ್ತದೆ. ಆ ಆರೋಗ್ಯ ಕೇಂದ್ರಕ್ಕೆ ಎಷ್ಟು ಹಳ್ಳ ದಾಟಬೇಕು ಎಂಬುದನ್ನು ತಲೆಲೆಕ್ಕ ಹೇಳುವುದಿಲ್ಲ.

ಬರದ ಲೆಕ್ಕವೂ ಹೀಗೇ. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿಯ ಪ್ರಕಾರ ಮಳೆಯ ಕೊರತೆಯನ್ನು ವಾಡಿಕೆಯ ಶೇಕಡಾವಾರಿನಲ್ಲಿ ನೋಡುತ್ತಾರೆ. ಸತತ ಒಣಹವೆ, ಬಿತ್ತನೆ, ತೇವಾಂಶ, ಉಪಗ್ರಹದಿಂದ ಕಾಣುವ ಹಸಿರು ಇವೆಲ್ಲ ಆಮೇಲೆ ಸೇರುತ್ತವೆ. ಅಥಣಿಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್. ಕಣಕುಂಬಿಯಲ್ಲಿ ಕಾಲು ಭಾಗ ಮಳೆ ಕಡಿಮೆಯಾದರೂ ಅದು ಅಥಣಿಯ ಹಲವು ವರ್ಷಗಳ ಮಳೆಗೆ ಸಮ. ಹಾಗೆಂದು ಕೊರತೆ ಸುಳ್ಳಲ್ಲ. ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟೆ ತುಂಬುವುದು ಈ ಗುಡ್ಡಗಳ ಮಳೆಯಿಂದ. ಕಣಕುಂಬಿಯಲ್ಲಿ ತಪ್ಪಿದ ಮಳೆಯ ಪೆಟ್ಟು ಸವದತ್ತಿ, ನರಗುಂದದ ಕಾಲುವೆಗೆ ಬೀಳುತ್ತದೆ. ತಾಲ್ಲೂಕಿನ ಗಡಿಯಲ್ಲಿ ನಿಂತು ಲೆಕ್ಕ ಹಾಕುವ ಪದ್ಧತಿಗೆ ಈ ಸಂಬಂಧ ಕಾಣುವುದು ಕಷ್ಟ.

ಹಳೆಯ ಮುಂಬೈ ಪ್ರಾಂತದ ಕಾಲದಲ್ಲಿ ಬೆಳೆಯನ್ನು ಆಣೆಯಲ್ಲಿ ಅಳೆಯುತ್ತಿದ್ದರು. ಹದಿನಾರಾಣೆ ಬೆಳೆ ಎಂದರೆ ಪೂರ್ಣ ಫಸಲು; ಆಣೆ ಇಳಿದಷ್ಟೂ ಕಂದಾಯದ ವಿನಾಯಿತಿಯ ಮಾತು. ಆಣೆವಾರಿ ಎಂಬ ಆ ಲೆಕ್ಕ ಹಾಕುತ್ತಿದ್ದವರು ಕಂದಾಯದ ನೌಕರರು, ಹೊಲದ ಬದುವಿನ ಮೇಲೆ ನಿಂತು. ಅದರಲ್ಲಿ ಪಕ್ಷಪಾತಕ್ಕೆ ಬೇಕಾದಷ್ಟು ಜಾಗವಿತ್ತು, ನಿಜ. ಉಪಗ್ರಹಕ್ಕೆ ಪಕ್ಷಪಾತವಿಲ್ಲ; ಆದರೆ ಹೊಲದ ಯಜಮಾನ ಅದರೊಡನೆ ವಾದಿಸುವಂತೆಯೂ ಇಲ್ಲ.

ತೊಂಬತ್ತೈದು ಸಾವಿರದ ಮನೆ

2019ರ ಆಗಸ್ಟ್ ತಿಂಗಳ ಮಳೆ ಈ ಎಲ್ಲ ಲೆಕ್ಕಗಳನ್ನೂ ಒಂದೇ ವಾರದಲ್ಲಿ ಪರೀಕ್ಷೆಗೆ ಒಡ್ಡಿತು. ಖಾನಾಪುರದ ಗುಡ್ಡಗಳಲ್ಲಿ ಸುರಿದ ನೀರು ಮಲಪ್ರಭೆಯಲ್ಲಿ ಇಳಿದು, ಅಣೆಕಟ್ಟೆ ತುಂಬಿ, ಕೆಳಗಿನ ರಾಮದುರ್ಗ, ನರಗುಂದ, ಬಾದಾಮಿ ತಾಲ್ಲೂಕುಗಳ ಊರುಗಳನ್ನು ಮುಳುಗಿಸಿತು; ಪಟ್ಟದಕಲ್ಲಿನ ಗುಡಿಗಳಿಗೂ ನೀರು ಬಂತು. ಬೆಳಗಾವಿ ನಗರದ ಅಂಚಿನಲ್ಲಿ ಬಳ್ಳಾರಿ ನಾಲೆ ಉಕ್ಕಿ ಭತ್ತದ ಗದ್ದೆಗಳು ಕೆರೆಯಾದವು.

ಇಂಥ ಹೊತ್ತಿನಲ್ಲಿ ಒಂದು ಸಂಖ್ಯೆ ಹೇಗೆ ಪ್ರಯಾಣ ಮಾಡುತ್ತದೆ ಎಂಬುದು ಕುತೂಹಲದ ಸಂಗತಿ. ಈ ಭಾಗದವರು ಇನ್ನೂ ತಲಾಠಿ ಎಂದೇ ಕರೆಯುವ ಗ್ರಾಮ ಲೆಕ್ಕಿಗ ಬಿದ್ದ ಗೋಡೆಯ ಮುಂದೆ ನಿಂತು ಪಂಚನಾಮೆ ಬರೆಯುತ್ತಾನೆ. ಅದು ತಹಸೀಲ್ದಾರರಿಗೆ, ಅಲ್ಲಿಂದ ಬೆಳಗಾವಿಯ ಜಿಲ್ಲಾಧಿಕಾರಿ ಕಚೇರಿಗೆ, ಅಲ್ಲಿಂದ ಬೆಂಗಳೂರಿಗೆ. ಬೆಂಗಳೂರಿನಲ್ಲಿ ಅದು ಮನವಿಪತ್ರವಾಗಿ ದಿಲ್ಲಿಗೆ ಹೋಗುತ್ತದೆ. ಕೇಂದ್ರದ ತಂಡ ಬಂದು ನೋಡುತ್ತದೆ. ಕೊನೆಗೆ ಗೃಹ ಸಚಿವರ ಅಧ್ಯಕ್ಷತೆಯ ಉನ್ನತ ಸಮಿತಿ ಒಂದು ಮೊತ್ತವನ್ನು ಒಪ್ಪುತ್ತದೆ. ಆ ವರ್ಷ ರಾಜ್ಯ ಅಂದಾಜು ಮಾಡಿದ ನಷ್ಟ ಸುಮಾರು 35 ಸಾವಿರ ಕೋಟಿ ರೂಪಾಯಿ. ಕೇಂದ್ರದಿಂದ ಅಕ್ಟೋಬರಿನಲ್ಲಿ 1,200 ಕೋಟಿ ಬಂತು. 2020ರ ಜನವರಿಯಲ್ಲಿ 1,869.85 ಕೋಟಿಗೆ ಒಪ್ಪಿಗೆ ಸಿಕ್ಕಿತು.

ಈ ಅಂತರಕ್ಕೆ ರಾಜಕೀಯವೊಂದೇ ಕಾರಣವೆಂದು ಬಗೆದರೆ ತಪ್ಪಾದೀತು. ಕಾರಣ ಬಹುಪಾಲು ಲೆಕ್ಕದ ರೀತಿಯಲ್ಲೇ ಇದೆ. ವಿಪತ್ತು ಪರಿಹಾರ ನಿಧಿ ತುಂಬಿಕೊಡುವುದು ನಷ್ಟವನ್ನಲ್ಲ. ಮೊದಲೇ ಬರೆದಿಟ್ಟ ದರಪಟ್ಟಿಯಂತೆ ತಕ್ಷಣದ ನೆರವನ್ನು ಮಾತ್ರ. ಅಂದಿನ ದರಪಟ್ಟಿಯಲ್ಲಿ ಪೂರ್ತಿ ಬಿದ್ದ ಮನೆಗೆ ಬಯಲುಸೀಮೆಯಲ್ಲಿ 95,100 ರೂಪಾಯಿ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 6,800, ನೀರಾವರಿಗೆ 13,500, ಅದೂ ಎರಡು ಹೆಕ್ಟೇರಿನವರೆಗೆ, ಬೆಳೆ ಮೂರನೇ ಒಂದು ಭಾಗವಾದರೂ ಹೋಗಿದ್ದರೆ. ಈ ದರಗಳು 2022ರಲ್ಲಿ ಪರಿಷ್ಕರಣೆಯಾಗಿ ಮನೆಗೆ 1.20 ಲಕ್ಷ, ಮಳೆಯಾಶ್ರಿತ ಬೆಳೆಗೆ 8,500 ಆದವು. ತೊಂಬತ್ತೈದು ಸಾವಿರದಲ್ಲಿ ಮನೆ ಕಟ್ಟಲಾಗದು ಎಂದು ಹೇಳಲು ಅರ್ಥತಜ್ಞರು ಬೇಕಿಲ್ಲ.

ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಘೋಷಿಸಿದರು. ಬೆಳೆಗೂ ಹೆಕ್ಟೇರಿಗೆ 10 ಸಾವಿರ ಹೆಚ್ಚುವರಿ ಸೇರಿಸಿದರು. ದರಪಟ್ಟಿಗಿಂತ ಮೇಲಿನ ಈ ಹಣವೆಲ್ಲ ರಾಜ್ಯದ ಸ್ವಂತ ಜೇಬಿನದು. ಆ ಜೇಬಿಗೆ 2002ರ ಶೇ 3ರ ಹೊಲಿಗೆ ಬಿದ್ದಿತ್ತು. ದೊಡ್ಡ ಮನಸ್ಸು ಮಾಡಿದ ಕೂಡಲೇ ಯಾರಿಗೆ ಎಂಬ ಪ್ರಶ್ನೆ ಬಿಗಿಯಾಯಿತು. ಮನೆಗಳು ಎ, ಬಿ, ಸಿ ಎಂದು ವಿಂಗಡಣೆಯಾದವು. ಮುಕ್ಕಾಲು ಭಾಗಕ್ಕಿಂತ ಹೆಚ್ಚು ಹಾಳಾಗಿದ್ದರೆ ಎ. ಅಲ್ಪಸ್ವಲ್ಪ ಬಿರುಕಿದ್ದರೆ ಸಿ, 50 ಸಾವಿರ. ಮಣ್ಣಿನ ಗೋಡೆ ನೀರು ಕುಡಿದು ನಿಂತಿರುತ್ತದೆ. ಬಿಸಿಲು ಬಿದ್ದ ಮೇಲೆ ಒಂದೊಂದೇ ಕುಸಿಯುತ್ತದೆ. ಪಂಚನಾಮೆಯ ದಿನ ಸಿ ಇದ್ದ ಮನೆ ಹದಿನೈದು ದಿನದಲ್ಲಿ ಎ ಆಗಬಹುದು. ಪಟ್ಟಿ ಮಾತ್ರ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಬೆಳಗಾವಿಯ ಕಚೇರಿಗಳ ಮುಂದೆ ಆಮೇಲೆ ತಿಂಗಳುಗಟ್ಟಲೆ ಅರ್ಜಿ ಹಿಡಿದು ನಿಂತವರ ತಕರಾರು ಬಹುಪಾಲು ಈ ಒಂದು ಅಕ್ಷರದ್ದೇ.

ಮರುವರ್ಷ ಕೊರೊನಾ ಬಂತು. ವರಮಾನ ಕುಸಿಯಿತು. ಕೇಂದ್ರ ಹೆಚ್ಚು ಸಾಲಕ್ಕೆ ಅನುವು ಮಾಡಿಕೊಟ್ಟಿತು. ರಾಜ್ಯ 2020ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾನೂನಿಗೆ ತಿದ್ದುಪಡಿ ತಂದು ಆ ವರ್ಷದ ಮಟ್ಟಿಗೆ ಶೇ 3ರ ಮಿತಿಯನ್ನು ಶೇ 5ಕ್ಕೆ ಏರಿಸಿತು. ಕಲ್ಲಿನ ಮೇಲೆ ಬರೆದಂತಿದ್ದ ಸಂಖ್ಯೆ ಅಗತ್ಯ ಬಿದ್ದಾಗ ಒಂದು ಅಧಿವೇಶನದೊಳಗೆ ಬಾಗಿತು. ಬಾಗಿದ್ದು ಸರಿಯೇ. ಮನೆಯ ದರಕ್ಕೆ, ಹೆಕ್ಟೇರಿನ ದರಕ್ಕೆ ಆ ಅವಸರ ಸಿಗಲಿಲ್ಲ. ಅವು ಬದಲಾಗಲು ಐದು ವರ್ಷದ ಅವಧಿ ಮುಗಿದು 2022 ಬರಬೇಕಾಯಿತು. 2023ರ ಬರದಲ್ಲಂತೂ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿ, 18 ಸಾವಿರ ಕೋಟಿಗೂ ಹೆಚ್ಚು ಕೇಳಿದ ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್‌ನಲ್ಲಿ ಬಂದದ್ದು 3,454 ಕೋಟಿ.

ಪ್ರಾದೇಶಿಕ ಅಸಮತೋಲನವನ್ನು ಹೊಸದಾಗಿ ಅಳೆಯಲು 2024ರಲ್ಲಿ ಇನ್ನೊಂದು ಸಮಿತಿ ರಚನೆಯಾಯಿತು. ಅಧ್ಯಕ್ಷರು ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್, ಹದಿನಾಲ್ಕನೇ ಹಣಕಾಸು ಆಯೋಗದ ಸದಸ್ಯರಾಗಿದ್ದವರು, ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ನಡೆಸಿದವರು. ನಂಜುಂಡಪ್ಪನವರ ಕಾಲದಲ್ಲಿ ಬೆಳಗಾವಿ ಜಿಲ್ಲೆಗೆ ಹತ್ತು ತಾಲ್ಲೂಕು. ಕಿತ್ತೂರು, ನಿಪ್ಪಾಣಿ, ಕಾಗವಾಡ, ಮೂಡಲಗಿ, ಯರಗಟ್ಟಿ ಸೇರಿ ಅವು ಹದಿನೈದಾಗಿವೆ. ಹಳೆಯ ಸೂಚ್ಯಂಕದ ಎಷ್ಟೋ ತಾಲ್ಲೂಕುಗಳು ಆ ರೂಪದಲ್ಲೇ ಇಲ್ಲ. ಸಮಿತಿ ರಚನೆಯಾದಾಗ ಜನಗಣತಿಯ ಹೊಸ ಅಂಕಿಯೂ ಇರಲಿಲ್ಲ; ಕೊನೆಯದು 2011ರದು. ಖಾನಾಪುರ ಮಾತ್ರ ಒಡೆಯದೆ, ಬಯಲು ಕಾಡು ಎರಡನ್ನೂ ಮಡಿಲಲ್ಲಿಟ್ಟುಕೊಂಡು ಹಾಗೇ ಉಳಿದಿದೆ.

ಈ ನಡುವೆ ಕಾಡಿನೊಳಗೆ ಬೇರೊಂದು ಲೆಕ್ಕ ಶುರುವಾಗಿದೆ. ಸೇತುವೆ, ರಸ್ತೆ ಮಾಡಲು ಅರಣ್ಯ ಕಾನೂನು ಅಡ್ಡ. ಬದಲಿಗೆ ತಾವಾಗಿ ಹೊರಬರಲು ಒಪ್ಪುವ ಕುಟುಂಬಕ್ಕೆ 15 ಲಕ್ಷ ರೂಪಾಯಿ. ಮೊದಲು 10 ಲಕ್ಷವಿದ್ದ ಈ ದರ ಸಿದ್ಧವಾದದ್ದು ಹುಲಿ ಸಂರಕ್ಷಣೆಯ ಯೋಜನೆಗಾಗಿ, ದಿಲ್ಲಿಯಲ್ಲಿ. 2025ರ ಮೇ ತಿಂಗಳಲ್ಲಿ ಭೀಮಗಡದ ತಳೇವಾಡಿಯ 27 ಕುಟುಂಬಗಳಿಗೆ ಮೊದಲ ಕಂತಾಗಿ ತಲಾ 10 ಲಕ್ಷದ ಚೆಕ್ ವಿತರಣೆಯಾಯಿತು. ಇಲ್ಲಿ ಅಳತೆಯ ಘಟಕ ತಾಲ್ಲೂಕಲ್ಲ, ಕುಟುಂಬ. ಒಂದೇ ಸೂರಿನಡಿ ಇರುವ ಮದುವೆಯಾದ ಮಗನದು ಬೇರೆ ಕುಟುಂಬವೋ ಅಲ್ಲವೋ ಎಂಬುದರ ಮೇಲೆ ಹದಿನೈದು ಲಕ್ಷ ನಿಂತಿರುತ್ತದೆ. ಹಾಗಾಗಿ ಕಾಡಿನ ಉಳಿದ ಊರುಗಳಲ್ಲಿ ಹೋಗುವುದೋ ಬೇಡವೋ ಎಂಬ ಮಾತಿಗಿಂತ ಮೊದಲು ಏಳುವ ಪ್ರಶ್ನೆ, ಪಟ್ಟಿಯಲ್ಲಿ ಯಾರ ಯಾರ ಹೆಸರಿರುತ್ತದೆ ಎಂಬುದು.