ಎಷ್ಟು ಜನರಲ್ಲಿ ಎಷ್ಟು ಮಂದಿಗೆ?

ವ್ಯಾಪಾರದ ಮನೆಗಳಲ್ಲಿ ಶೇಕಡಾ ಲೆಕ್ಕ ಮಕ್ಕಳಿಗೂ ಹೊಸದಲ್ಲ. 'ಲಾಭ ದುಪ್ಪಟ್ಟಾಯಿತು' ಎಂದು ಯಾರಾದರೂ ಹೇಳಿದರೆ 'ಎಷ್ಟಿತ್ತು, ಎಷ್ಟಾಯಿತು?' ಎಂದು ತಕ್ಷಣ ಕೇಳುತ್ತೇವೆ. ಒಂದು ರೂಪಾಯಿ ಎರಡಾದರೂ ದುಪ್ಪಟ್ಟೇ, ಒಂದು ಲಕ್ಷ ಎರಡು ಲಕ್ಷವಾದರೂ ದುಪ್ಪಟ್ಟೇ. ಆದರೆ ದವಾಖಾನೆಯ ಮೆಟ್ಟಿಲು ಹತ್ತಿದೊಡನೆ ಈ ಪ್ರಶ್ನೆ ನಮಗೆ ಮರೆತುಹೋಗುತ್ತದೆ. ಅಲ್ಲಿ ಅದು ಮರೆತರೆ ನಷ್ಟ ಹಣದ್ದಷ್ಟೇ ಅಲ್ಲ.

'ದುಪ್ಪಟ್ಟು' ತಂದ ಗಾಬರಿ

1995ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಔಷಧ ಸುರಕ್ಷಾ ಸಮಿತಿ ಒಂದು ಎಚ್ಚರಿಕೆ ಕೊಟ್ಟಿತು. ಹೊಸ ಬಗೆಯ ಗರ್ಭನಿರೋಧಕ ಗುಳಿಗೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ದುಪ್ಪಟ್ಟಾಗುತ್ತದೆ ಎಂಬುದು ಅದರ ಸಾರ. ಸುದ್ದಿ ಹರಡಿತು, ಅನೇಕ ಹೆಣ್ಣುಮಕ್ಕಳು ಹೆದರಿ ಗುಳಿಗೆ ಬಿಟ್ಟರು.

ನಿಜವಾದ ಲೆಕ್ಕವೇನು? ಹಳೆಯ ಗುಳಿಗೆ ತೆಗೆದುಕೊಳ್ಳುವ 7,000 ಮಂದಿಯಲ್ಲಿ ಒಬ್ಬರಿಗೆ ಈ ತೊಂದರೆ ಬರುತ್ತಿತ್ತು. ಹೊಸ ಗುಳಿಗೆಯಿಂದ ಇಬ್ಬರಿಗೆ. ಅಂದರೆ ಹೆಚ್ಚಿದ್ದು 7,000ಕ್ಕೆ ಒಂದು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವು ಎಂದು ಅಂದಾಜು. ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಆ ಗುಳಿಗೆಗಿಂತಲೂ ಹೆಚ್ಚು! ಎಚ್ಚರಿಕೆ ಸುಳ್ಳಾಗಿರಲಿಲ್ಲ. ಅಸಲು ಎಷ್ಟೆಂಬುದು ಜನರಿಗೆ ಮುಟ್ಟದೆ ಬರೀ 'ದುಪ್ಪಟ್ಟು' ಮುಟ್ಟಿದ್ದರಿಂದ ಇಷ್ಟೆಲ್ಲ ಆಯಿತು.

ವೈದ್ಯರೂ ಎಡವಿದ ಲೆಕ್ಕ

2007ರಲ್ಲಿ ಜರ್ಮನಿಯ ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗೆರೆನ್ಸರ್ ಅವರು 160 ಸ್ತ್ರೀರೋಗ ವೈದ್ಯರಿಗೆ ಒಂದು ಪ್ರಶ್ನೆ ಹಾಕಿದರು. ಮಹಿಳೆಯರಲ್ಲಿ ಶೇಕಡಾ 1 ಮಂದಿಗೆ ಸ್ತನ ಕ್ಯಾನ್ಸರ್ ಇದೆ. ಕಾಯಿಲೆ ಇದ್ದವರಲ್ಲಿ ಶೇಕಡಾ 90 ಮಂದಿಗೆ ಮ್ಯಾಮೊಗ್ರಾಂ ಪಾಸಿಟಿವ್ ಬರುತ್ತದೆ. ಕಾಯಿಲೆ ಇಲ್ಲದವರಲ್ಲೂ ಶೇಕಡಾ 9 ಮಂದಿಗೆ ಬರುತ್ತದೆ. ಹಾಗಾದರೆ ಪಾಸಿಟಿವ್ ಬಂದ ಮಹಿಳೆಗೆ ಕ್ಯಾನ್ಸರ್ ಇರುವ ಸಂಭವ ಎಷ್ಟು?

ಸರಿಯಾದ ಉತ್ತರ ಕೊಟ್ಟವರು ಶೇಕಡಾ 21 ಮಂದಿ ಮಾತ್ರ. ಬಹಳ ಮಂದಿ ಶೇಕಡಾ 80-90 ಎಂದರು.

ಈಗ ಇದನ್ನೇ ತಲೆ ಎಣಿಸಿ ನೋಡೋಣ. 1,000 ಮಹಿಳೆಯರಲ್ಲಿ 10 ಮಂದಿಗೆ ಕಾಯಿಲೆ. ಅವರಲ್ಲಿ 9 ಮಂದಿಗೆ ಪಾಸಿಟಿವ್. ಉಳಿದ 990 ಮಂದಿ ಆರೋಗ್ಯವಂತರಲ್ಲಿ ಸುಮಾರು 89 ಮಂದಿಗೂ ಪಾಸಿಟಿವ್. ಒಟ್ಟು 98. ಇವರಲ್ಲಿ ನಿಜವಾಗಿ ಕಾಯಿಲೆ ಇರುವವರು 9, ಅಂದರೆ ಸುಮಾರು ಹತ್ತಕ್ಕೆ ಒಬ್ಬರು. ಹೀಗೆ ಎಣಿಸುವುದನ್ನು ಕಲಿಸಿದ ಮೇಲೆ ಅದೇ ವೈದ್ಯರಲ್ಲಿ ಶೇಕಡಾ 87 ಮಂದಿ ಸರಿಯಾಗಿ ಉತ್ತರಿಸಿದರು.

ತಪ್ಪು ಎಲ್ಲಿತ್ತು? ಕಾಯಿಲೆ ಇದ್ದವರಲ್ಲಿ ಹೆಚ್ಚಿನವರಿಗೆ ಪಾಸಿಟಿವ್ ಬರುವುದೇ ಬೇರೆ, ಪಾಸಿಟಿವ್ ಬಂದವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಇರುವುದೇ ಬೇರೆ. ಅಂಗಡಿಯ ಹಣ ಮುಳುಗಿಸಿದವರೆಲ್ಲ ಉದ್ರಿ ಗಿರಾಕಿಗಳೇ. ಹಾಗೆಂದು ಉದ್ರಿ ಗಿರಾಕಿಗಳೆಲ್ಲ ಹಣ ಮುಳುಗಿಸುವವರಲ್ಲ.

ನಾವು ಕೇಳಬೇಕಾದದ್ದು

ಈಗ ಮನೆಮಂದಿಯೆಲ್ಲ ಆರೋಗ್ಯ ತಪಾಸಣೆ ಮಾಡಿಸಿಕೊಳ್ಳುವುದು ರೂಢಿಯಾಗಿದೆ. ಅದು ಒಳ್ಳೆಯದೇ. ಆದರೆ ರಿಪೋರ್ಟು ಕೈಗೆ ಬಂದಾಗ ವೈದ್ಯರನ್ನು ವಿನಯದಿಂದ ಹೀಗೆ ಕೇಳಬೇಕು:

1. ಈ ಔಷಧಿ ತೆಗೆದುಕೊಳ್ಳದ 1,000 ಮಂದಿಯಲ್ಲಿ ಎಷ್ಟು ಮಂದಿಗೆ ತೊಂದರೆ ಬರುತ್ತದೆ? ತೆಗೆದುಕೊಂಡರೆ ಎಷ್ಟು ಮಂದಿಗೆ? ಎಷ್ಟು ವರ್ಷಗಳಲ್ಲಿ?

2. ನಮ್ಮಂಥ 100 ಮಂದಿಗೆ ಹೀಗೆ ಪಾಸಿಟಿವ್ ಬಂದರೆ ಎಷ್ಟು ಮಂದಿಗೆ ನಿಜವಾಗಿ ಕಾಯಿಲೆ ಇರುತ್ತದೆ?

3. ಖಾತ್ರಿ ಮಾಡಿಕೊಳ್ಳಲು ಮುಂದಿನ ಪರೀಕ್ಷೆ ಯಾವುದು?

ಒಂದು ಮಾತು ನೆನಪಿರಲಿ. 'ಹತ್ತಕ್ಕೆ ಒಬ್ಬರು' ಎಂಬ ಲೆಕ್ಕ ಯಾವ ಲಕ್ಷಣವೂ ಇಲ್ಲದೆ ತಪಾಸಣೆ ಮಾಡಿಸಿಕೊಂಡವರದು. ಗಂಟು ಕೈಗೆ ಸಿಕ್ಕಿದ್ದರೆ ಆ ಲೆಕ್ಕವೇ ಬೇರೆ, ಆಗ ತಡಮಾಡಬಾರದು. ಹತ್ತಕ್ಕೆ ಒಬ್ಬರೆಂದರೂ ಮುಂದಿನ ಪರೀಕ್ಷೆ ಬಿಡುವಂತಿಲ್ಲ. ಔಷಧಿಯನ್ನೂ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಲೆಕ್ಕ ಕೇಳುವುದು ವೈದ್ಯರ ಮೇಲಿನ ಅವಿಶ್ವಾಸವಲ್ಲ. ಅಂಗಡಿಯಲ್ಲಿ ಪೈಸೆ ಪೈಸೆಗೂ ತಾಳೆ ನೋಡುವ ನಾವು ಮನೆಯವರ ಜೀವದ ವಿಷಯದಲ್ಲಿ ಒಂದು ಪ್ರಶ್ನೆ ಕೇಳಲು ಸಂಕೋಚಪಡುವುದೇಕೆ?