ಬೆಟ್ಟದ ನೆತ್ತಿಯ ಒರತೆ

ನೀರು ತಗ್ಗಿಗೆ ಹರಿಯುತ್ತದೆ ಎಂಬುದು ಚಿಕ್ಕ ಮಗುವಿಗೂ ಗೊತ್ತು. ಹಾಗಿದ್ದ ಮೇಲೆ ಬೆಟ್ಟದ ನೆತ್ತಿಯಲ್ಲಿ ಕೊಳ ತುಂಬಿ ನಿಲ್ಲುವುದು ಹೇಗೆ? ಇದಕ್ಕೆ ಉತ್ತರ ಬೇಕಿದ್ದರೆ ಒಂದು ದಿನ ಬಿಡುವು ಮಾಡಿಕೊಂಡು ನಂದಿಬೆಟ್ಟವನ್ನು ಮೆಟ್ಟಿಲ ದಾರಿಯಲ್ಲಿ ಹತ್ತಬೇಕು. ಚಿಕ್ಕಬಳ್ಳಾಪುರದ ಮಗ್ಗುಲಲ್ಲಿರುವ ಈ ಬೆಟ್ಟ ಬೆಂಗಳೂರಿಗೆ ಸುಮಾರು 60 ಕಿ.ಮೀ. ದೂರ, ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರ. ವಾಹನದಲ್ಲಿ ಹೋದವರು ಸೂರ್ಯೋದಯ ನೋಡಿ ಬರುತ್ತಾರೆ. ನಡೆದು ಹತ್ತಿದವರಿಗೆ ಬೆಟ್ಟವೇ ಕಾಣುತ್ತದೆ.

ಬುಡದಲ್ಲೊಂದು ಕಲ್ಯಾಣಿ

ಮೊದಲು ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೆ ಹೋಗೋಣ. ಇದರ ಇತಿಹಾಸ 9ನೇ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ. ಒಳಗೆ ಮೆಟ್ಟಿಲುಗಳಿಂದ ಕಟ್ಟಿದ ಕಲ್ಯಾಣಿಯ ಹೆಸರು ಶೃಂಗಿ ತೀರ್ಥ. ನಂದಿ ತನ್ನ ಕೊಂಬಿನಿಂದ ನೆಲ ತಿವಿದು ಗಂಗೆಯನ್ನು ಬರಿಸಿದ ಎಂಬುದು ಜನರ ನಂಬಿಕೆ. ಈ ಬೆಟ್ಟದಿಂದ ನೀರು ಹುಟ್ಟುತ್ತದೆ ಎಂಬುದನ್ನು ಹಿರಿಯರು ಚೆನ್ನಾಗಿ ಕಂಡುಕೊಂಡಿದ್ದರು. ಕಂಡದ್ದನ್ನು ಕಥೆಯಾಗಿ ಕಾಪಿಟ್ಟರು.

ಬಂಡೆ ಸುಲಿಯುವ ಬಗೆ

ಬೆಟ್ಟದ ಬುಡದ ಸುಲ್ತಾನ್‌ಪೇಟೆಯಿಂದ ಮೆಟ್ಟಿಲು ಶುರು. ಬಯಲಿನಿಂದ ನೆತ್ತಿಗೆ ಸುಮಾರು 500 ಮೀಟರ್ ಏರು. ಅಷ್ಟು ಏರುವಷ್ಟರಲ್ಲಿ ಗಾಳಿ ಮೂರು ಡಿಗ್ರಿಯಷ್ಟು ತಂಪಾಗುತ್ತದೆ. ಅವಸರ ಬೇಡ, ಬಂಡೆಯನ್ನು ನೋಡುತ್ತಾ ಹತ್ತಿ.

ಇದು ಗ್ರಾನೈಟ್. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿದ್ದ ಶಿಲೆ ನಿಧಾನವಾಗಿ ತಣಿದು ಗಟ್ಟಿಯಾಯಿತು. ಮೇಲಿದ್ದ ಮಣ್ಣು, ಕಲ್ಲಿನ ಹೊರೆ ಕಾಲಾಂತರದಲ್ಲಿ ಸವೆದು ಹೋದಂತೆ ಅದುಮಿಟ್ಟಿದ್ದ ಬಂಡೆ ಹಿಗ್ಗಿತು, ಈರುಳ್ಳಿಯ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಟ್ಟುಕೊಂಡಿತು. ಹಾಸುಬಂಡೆಯನ್ನು ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ ನೋಡಿ. ಕೆಲವೆಡೆ ಗಟ್ಟಿ ಸದ್ದು ಬರುತ್ತದೆ. ಪದರ ಬಿಟ್ಟಿರುವಲ್ಲಿ ಟೊಳ್ಳು ಸದ್ದು.

ಮಳೆ ನಿಂತು ವಾರಗಳಾದ ಮೇಲೂ ಇಂಥ ಬಿರುಕಿನ ಬಾಯಲ್ಲಿ ಕಪ್ಪನೆಯ ತೇವದ ಗೆರೆಯೊಂದು ಕಂಡೀತು. ಅದರ ಉದ್ದಕ್ಕೂ ಪಾಚಿ, ಪಾಚಿಯ ತುದಿಯಲ್ಲಿ ಬೀಳಲೋ ಬೇಡವೋ ಎಂದು ತೂಗುವ ಹನಿ. ಬೆರಳಿಟ್ಟರೆ ಸುತ್ತಲ ಕಲ್ಲು ಬಿಸಿ, ಗೆರೆ ಮಾತ್ರ ತಣ್ಣಗೆ. ಇದೇ ಒರತೆ. ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು.

ಅಮೃತ ಸರೋವರ

ಉಳಿದರ್ಧ ಮೇಲಿದೆ. ಅಮೃತ ಸರೋವರ ನಾಲ್ಕೂ ಕಡೆ ಮೆಟ್ಟಿಲು ಕಟ್ಟಿದ ಚೌಕನೆಯ ಕೊಳ. ಬೇರೆ ಬೆಟ್ಟಗಳಲ್ಲಿ ನಾವು ಕಾಣುವ ದೊಣೆಯೇ ಬೇರೆ. ದೊಣೆಯೆಂದರೆ ಬಂಡೆಯ ಗುಳಿಯಲ್ಲಿ ನಿಂತ ಮಳೆನೀರು. ಚಿಕ್ಕದಾದರೆ ಬೇಸಿಗೆಗೆ ಬತ್ತುತ್ತದೆ. ಸರೋವರಕ್ಕೆ ಒರತೆಗಳ ಆಸರೆಯಿದೆ. ಇದು ಇರುವುದು ಬೆಟ್ಟದ ತುತ್ತತುದಿಯಲ್ಲಲ್ಲ, ನೆತ್ತಿಯ ತಗ್ಗಿನಲ್ಲಿ. ಅದಕ್ಕಿಂತ ಎತ್ತರದ ನೆಲದಲ್ಲಿ ಬಿದ್ದ ಮಳೆ ಬಿರುಕುಗಳಲ್ಲಿ ಇಳಿದು, ಜಿನುಗಿ ಇಲ್ಲಿಗೆ ಬರುತ್ತದೆ. ನೀರು ಇಲ್ಲೂ ತಗ್ಗಿಗೇ ಹರಿದಿದೆ, ಆದರೆ ಬಹಳ ನಿಧಾನವಾಗಿ.

ಈ ನಿಧಾನವನ್ನು ಕಲಿಸಿದ್ದು ಕಾಡು. ಮಂಜು ಕವಿಯುವ ನೆತ್ತಿಯಲ್ಲಿ ಮರಗಳು ದಟ್ಟವಾಗಿವೆ. ಉದುರಿದ ಎಲೆ ಕೊಳೆತು ಸ್ಪಂಜಿನಂತೆ ಮೆತ್ತಗಾದ ನೆಲ ಮಳೆಯನ್ನು ಹಿಡಿದಿಟ್ಟು ಬಿರುಕಿಗೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಪಶ್ಚಿಮಘಟ್ಟದ ನೀಲಗಿರಿ ಕಾಡುಪಾರಿವಾಳ ಬಯಲುಸೀಮೆಯ ಈ ಬೆಟ್ಟದಲ್ಲೂ ಬಾಳುತ್ತಿರುವುದು ಈ ತಂಪಿನಿಂದಲೇ.

ಟಿಪ್ಪು ಬಲಪಡಿಸಿದ ಇಲ್ಲಿಯ ಕೋಟೆಯನ್ನು 1791ರಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಸೈನ್ಯ ಹಿಡಿಯಿತು. ಗೋಡೆ ಎಷ್ಟು ಎತ್ತರವಿದ್ದರೇನು, ಒಳಗೆ ನೀರಿಲ್ಲದಿದ್ದರೆ ಗಿರಿದುರ್ಗದಲ್ಲಿ ಯಾರೂ ಉಳಿಯಲಾರರು. ಕೋಟೆಗೆ ಜೀವ ಕೊಟ್ಟದ್ದು ಬೆಟ್ಟದ ನೀರು.

ಕೆಳಗಿನವರ ಪಾಲು

ಒರತೆಯ ನೀರು ನೆತ್ತಿಯಲ್ಲೇ ನಿಲ್ಲುವುದಿಲ್ಲ. ದಕ್ಷಿಣ ಪಿನಾಕಿನಿ, ಉತ್ತರ ಪಿನಾಕಿನಿ, ಅರ್ಕಾವತಿ ಮೂರೂ ಈ ಬೆಟ್ಟಸಾಲಿನ ಮಕ್ಕಳು. ಮೊದಲನೆಯದು ತಮಿಳುನಾಡಿಗೆ, ಎರಡನೆಯದು ಆಂಧ್ರಕ್ಕೆ ಹೋಗುತ್ತದೆ. ಅರ್ಕಾವತಿ ಕನಕಪುರದಾಚೆ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಕಾವೇರಿ ನೀರು ಬರುವ ಮುಂಚೆ ಬೆಂಗಳೂರಿನ ನಲ್ಲಿಗಳಲ್ಲಿ ಬಂದದ್ದು ಅರ್ಕಾವತಿಯೇ: 1890ರ ದಶಕದಲ್ಲಿ ಹೆಸರಘಟ್ಟದಿಂದ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ.

ಆ ನದಿ ಇಂದು ಬಡವಾಗಿದೆ. ಜಲಾನಯನದ ಕೆರೆಗಳಲ್ಲಿ ಹೂಳು ತುಂಬಿತು, ಕೊಳವೆಬಾವಿಗಳು ಆಳಕ್ಕಿಳಿದವು, ನೀಲಗಿರಿ ತೋಪುಗಳು ಹಬ್ಬಿದವು, ಸುತ್ತಣ ಗುಡ್ಡಗಳನ್ನು ಕಲ್ಲುಗಣಿಗಳು ಕೊರೆದವು. ಬಂಡೆಯನ್ನು ಬರೀ ಜಲ್ಲಿಯೆಂದು ಎಣಿಸಿದರೆ ಅದರೊಳಗಿನ ನೀರಿನ ದಾರಿಯೂ ಹೋಗುತ್ತದೆ. ಒಡೆದ ಬೆಟ್ಟವನ್ನು ಮತ್ತೆ ಕಟ್ಟಲು ಯಾವ ಸರ್ಕಾರಕ್ಕೂ ಆಗದು.

ನೀವೇ ಮಾಡಿ ನೋಡಿ

ಇಳಿಯುವಾಗ ಬಾಟಲಿಯಲ್ಲಿ ಒಂದಿಷ್ಟು ನೀರು ಉಳಿಸಿಕೊಳ್ಳಿ. ಬೋಳು ಬಂಡೆಯ ಮೇಲೆ ಒಂದು ಲೋಟದಷ್ಟು ಸುರಿಯಿರಿ. ಕಣ್ಣೆವೆ ಇಕ್ಕುವುದರೊಳಗೆ ಜಾರಿಹೋಗುತ್ತದೆ. ಪಕ್ಕದಲ್ಲೇ ಮರದ ಕೆಳಗೆ ತರಗೆಲೆಯ ಮೇಲೆ ಅಷ್ಟೇ ನೀರು ಸುರಿಯಿರಿ. ಹರಿಯುವುದಿಲ್ಲ, ಇಂಗುತ್ತದೆ. ಎಲೆ ಸರಿಸಿ ಮಣ್ಣನ್ನು ಮುಟ್ಟಿ ನೋಡಿ: ಒದ್ದೆ. ಮೇಲಿನ ಕೊಳ ತುಂಬಿದ್ದು ಹೀಗೆಯೇ. ನೋಡಿದ ಮೇಲೆ ಎಲೆಗಳನ್ನು ಮೊದಲಿದ್ದಂತೆ ಮುಚ್ಚಿ, ಖಾಲಿ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಇಳಿಯಿರಿ.